ಬಂಕ್ ಕೆಲಸ, ಬಿಡದ ಕೆಮ್ಮು: ಪೆಟ್ರೋಲ್ ಘಾಟು ಒಳಗೆ ಏನು ಮಾಡುತ್ತದೆ?

ಪ್ರಶ್ನೆ: ನಮ್ಮ ಯಜಮಾನರಿಗೆ 36 ವರ್ಷ. ದಾವಣಗೆರೆ ಹತ್ತಿರ ಹೈವೇ ಪಕ್ಕದ ಪೆಟ್ರೋಲ್ ಬಂಕ್‌ನಲ್ಲಿ 9 ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಎರಡು ತಿಂಗಳಿಂದ ಕೆಮ್ಮು ಬಿಟ್ಟಿಲ್ಲ. ರಾತ್ರಿ ಮಲಗಿದಾಗ ಜಾಸ್ತಿ. ಟ್ಯಾಂಕರ್ ಲಾರಿಯಿಂದ ಲೋಡ್ ಇಳಿಸಿದ ದಿನವಂತೂ ತಲೆನೋವು, ಎದೆ ಹಿಡಿದ ಹಾಗೆ ಆಗುತ್ತೆ ಅಂತಾರೆ. ಜಾತ್ರೆಗೆ ಅಂತ 5 ದಿನ ಊರಿಗೆ ಹೋಗಿದ್ದೆವು, ಆಗ ಕೆಮ್ಮೇ ಇರಲಿಲ್ಲ. ಮೆಡಿಕಲ್ ಶಾಪ್‌ನಿಂದ ತಂದ ಸಿರಪ್ ಮೂರು ಬಾಟಲಿ ಖಾಲಿ ಆಯ್ತು. ದಿನಕ್ಕೆ ಐದಾರು ಬೀಡಿ ಸೇದುತ್ತಾರೆ. ಮನೆಗೆ ಬಂದರೆ ಬಟ್ಟೆಯೆಲ್ಲ ಪೆಟ್ರೋಲ್ ವಾಸನೆ. 4 ವರ್ಷದ ಮಗಳು ಓಡಿ ಹೋಗಿ ತಬ್ಬಿಕೊಳ್ಳುತ್ತಾಳೆ, ನನಗೆ ಭಯ ಆಗುತ್ತೆ. ಅತ್ತೆ ದಿನಾ ಬೆಲ್ಲ ತಿನ್ನಿಸುತ್ತಾರೆ. ಪಕ್ಕದ ಮನೆಯವರು ‘ಪೆಟ್ರೋಲ್ ಗಾಳಿ ಶ್ವಾಸಕೋಶ ತಿಂದುಹಾಕುತ್ತೆ, ಕ್ಯಾನ್ಸರ್ ಬರುತ್ತೆ, ಕೆಲಸ ಬಿಡಿಸಿ’ ಅಂತಾರೆ. ಮ್ಯಾನೇಜರ್ ‘ಅಭ್ಯಾಸ ಆಗುತ್ತೆ, ಏನೂ ಆಗಲ್ಲ’ ಅಂತಾರೆ. ಬರೋದು ತಿಂಗಳಿಗೆ 14,500 ರೂಪಾಯಿ, ಅದರಲ್ಲೇ ಮನೆ ನಡೆಯಬೇಕು. ನನ್ನ ತಂಗಿಯೂ ಅದೇ ಬಂಕ್‌ಗೆ ಸೇರುತ್ತೇನೆ ಅಂತಿದ್ದಾಳೆ. ಕೆಲಸ ಬಿಡಿಸಲೇಬೇಕಾ ಡಾಕ್ಟ್ರೇ? (ಹೆಸರು ಬೇಡ)

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಚಿಂತೆಗಳು ಒಂದೇ ಗಂಟಾಗಿವೆ. ಈ ಕೆಮ್ಮು ಯಾಕೆ ಬರುತ್ತಿದೆ ಅನ್ನುವುದು ಒಂದು. 9 ವರ್ಷದಿಂದ ಮೂಗಿಗೆ ಹೋಗುತ್ತಿರುವ ಪೆಟ್ರೋಲ್ ಆವಿ ಒಳಗೆ ಏನು ಮಾಡುತ್ತಿದೆ ಅನ್ನುವುದು ಇನ್ನೊಂದು. ಇವೆರಡೂ ಒಂದೇ ಅಂದುಕೊಂಡರೆ ಎಡವಟ್ಟಾಗುತ್ತದೆ. ಕೆಮ್ಮು ನಿಂತ ತಕ್ಷಣ ಅಪಾಯ ಹೋಯಿತು ಅಂತ ಸುಮ್ಮನಾಗುತ್ತೇವೆ. ಇಲ್ಲವೇ ಕೆಮ್ಮಿಗೆ ಹೆದರಿ ಕೆಲಸ ಬಿಟ್ಟು, ಕೆಮ್ಮಿನ ನಿಜವಾದ ಕಾರಣವನ್ನು ನೋಡದೇ ಬಿಡುತ್ತೇವೆ. ಎರಡನ್ನೂ ನನ್ನ ಓಪಿಡಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಆದ್ದರಿಂದ ಗಂಟು ಬಿಚ್ಚಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಕೆಮ್ಮು. ಬಂಕ್‌ನಲ್ಲಿ ಕೆಲಸ ಮಾಡುವವರು ಅಂದ ಕೂಡಲೇ ಎಲ್ಲ ಕೆಮ್ಮನ್ನೂ ಪೆಟ್ರೋಲ್ ಮೇಲೆ ಹಾಕಬಾರದು. ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಯಾವ ಕೆಮ್ಮಿಗೂ ಮೊದಲು ಕ್ಷಯ ಇದೆಯಾ ಅಂತ ನೋಡಬೇಕು. ಇದು ಭಯಪಡಿಸುವ ಮಾತಲ್ಲ, ಕ್ರಮ ಅಷ್ಟೇ. ನಿಮ್ಮವರದು ಎರಡು ತಿಂಗಳು ದಾಟಿದೆ. ಕಫದ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಮಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯೇ ಹತ್ತಿರ ಇದೆ. ಬೆಳಿಗ್ಗೆ ಎದ್ದ ಕೂಡಲೇ ಆಳದಿಂದ ಕೆಮ್ಮಿ ತೆಗೆದ ಕಫ ಕೊಡಬೇಕು, ಬಾಯಿಯ ಎಂಜಲಲ್ಲ. ಜೊತೆಗೆ ಒಂದು ಎದೆ ಎಕ್ಸ್‌ರೇ. ಇದನ್ನು ಮಾಡಿಸದೇ ನಾಲ್ಕನೇ ಬಾಟಲಿ ಸಿರಪ್ ತರಬೇಡಿ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಜಾತ್ರೆಯ ಆ 5 ದಿನದ ಮೇಲೆ. ಕ್ಷಯದ ಕೆಮ್ಮು ಊರಿಗೆ ಹೋದರೂ ಜೊತೆಗೇ ಬರುತ್ತದೆ. ಕೆಲಸದಿಂದ ದೂರ ಇದ್ದಾಗ ನಿಲ್ಲುವ, ವಾಪಸ್ ಬಂದಾಗ ಶುರುವಾಗುವ, ರಾತ್ರಿ ಜಾಸ್ತಿಯಾಗುವ, ಎದೆ ಬಿಗಿಯುವ ಕೆಮ್ಮು ಬೇರೆ ಜಾತಿಯದು. ಅದು ಉಬ್ಬಸದ ಕಡೆಗೆ ಕೈ ತೋರಿಸುತ್ತದೆ. ಉಬ್ಬಸ ಅಂದರೆ ಗೊರ ಗೊರ ಸದ್ದು, ಏದುಸಿರು ಇರಲೇಬೇಕು ಅಂತ ಜನ ಅಂದುಕೊಂಡಿರುತ್ತಾರೆ. ಎಷ್ಟೋ ಜನರಿಗೆ ಒಣ ಕೆಮ್ಮೊಂದೇ ಇರುತ್ತದೆ, ಬೇರೇನೂ ಇರುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಉಸಿರು ಓಡಾಡುವ ಕೊಳವೆಗಳ ಒಳಗೋಡೆ ಘಾಟಿಗೆ, ಹೊಗೆಗೆ ಕೆರಳುತ್ತದೆ, ಬಾತುಕೊಳ್ಳುತ್ತದೆ. ಸುತ್ತಲಿನ ಸ್ನಾಯು ಬಿಗಿಯಾಗುತ್ತದೆ. ದಾರಿ ಕಿರಿದಾಗುತ್ತದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಸೀದಾಗ ಮನೆಮಂದಿಯೆಲ್ಲ ಕೆಮ್ಮುತ್ತಾರೆ, ಎರಡು ನಿಮಿಷಕ್ಕೆ ಸರಿಹೋಗುತ್ತದೆ. ಕೊಳವೆಗಳು ಮೊದಲೇ ಕೆರಳಿರುವ ಮನುಷ್ಯನಿಗೆ ಮಾತ್ರ ಅದು ರಾತ್ರಿಯವರೆಗೂ ಎಳೆಯುತ್ತದೆ. ಪೆಟ್ರೋಲ್ ಆವಿಯೇ ಹೊಸದಾಗಿ ಉಬ್ಬಸ ಹುಟ್ಟಿಸುವುದು ಅಪರೂಪ. ಇರುವ ಉಬ್ಬಸವನ್ನು ಅದು ಕೆದಕುವುದು ಸಾಮಾನ್ಯ. ಅದರ ಜೊತೆ ವಾಹನದ ಹೊಗೆಯನ್ನೂ ಮರೆಯಬಾರದು. ನಿಮ್ಮದು ಹೈವೇ ಬಂಕ್. ಡೀಸೆಲ್ ಹಾಕಿಸಿಕೊಂಡ ಲಾರಿ ಸೆಲ್ಫ್ ಹೊಡೆದು ಹೊರಡುವಾಗ ಬರುವ ಆ ಕಪ್ಪು ಹೊಗೆಯ ಹತ್ತಿರ ನಿಂತಿರುವವರು ಅಲ್ಲಿನ ಕೆಲಸಗಾರರೇ ಅಲ್ವಾ? ಬಂಕ್ ಕೆಲಸಗಾರರಿಗೆ ಊದುವ ಪರೀಕ್ಷೆ ಮಾಡಿ ನೋಡಿದ ಅಧ್ಯಯನಗಳಲ್ಲಿ ಶ್ವಾಸಕೋಶದ ಶಕ್ತಿ ಕಡಿಮೆ ಕಂಡಿದ್ದುಂಟು. ಅದರಲ್ಲಿ ಆವಿಯ ಪಾಲು ಎಷ್ಟು, ಹೊಗೆಯ ಪಾಲು ಎಷ್ಟು ಅಂತ ಬೇರೆ ಮಾಡುವುದು ಕಷ್ಟ. ಮೇಲೆ ಬೀಡಿ ಬೇರೆ.

ಇದನ್ನು ಊಹೆಯಲ್ಲಿ ಬಿಡಬೇಕಿಲ್ಲ, ಅಳೆಯಬಹುದು. ಮೊದಲನೆಯದು ಸ್ಪೈರೋಮೆಟ್ರಿ. ಜೋರಾಗಿ ಊದಿಸುತ್ತಾರೆ, ಕೊಳವೆ ಸಡಿಲಿಸುವ ಔಷಧ ಎಳೆಸುತ್ತಾರೆ, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ 12% ಮತ್ತು 200 ಮಿಲಿಲೀಟರ್‌ಗಿಂತ ಜಾಸ್ತಿ ಸುಧಾರಿಸಿದರೆ ಉಬ್ಬಸದ ಕಡೆಗೆ ಬಲವಾದ ಸಾಕ್ಷಿ. ಆದರೆ ರಜೆಯ ದಿನ ಮಾಡಿಸಿದರೆ ಎಲ್ಲ ಸರಿಯಾಗಿಯೇ ಬರಬಹುದು. ‘ರಿಪೋರ್ಟ್ ನಾರ್ಮಲ್’ ಅಂತ ಮನೆಗೆ ಕಳಿಸಿದ ಬಂಕ್ ಹುಡುಗರು, ಗ್ಯಾರೇಜ್ ಹುಡುಗರು ಮತ್ತೆ ಅದೇ ಕೆಮ್ಮಿನೊಂದಿಗೆ ನನ್ನ ಮುಂದೆ ಬಂದು ಕೂತಿದ್ದಾರೆ.

ಅದಕ್ಕೇ ನಾನು ಎರಡನೆಯ ದಾರಿಯನ್ನು ಹೆಚ್ಚು ನಂಬುತ್ತೇನೆ. ಪೀಕ್ ಫ್ಲೋ ಮೀಟರ್ ಅಂತ ಒಂದು ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ಕೆಲವು ನೂರು ರೂಪಾಯಿ. ಕರೆಂಟು ಬೇಡ, ಸೆಲ್ ಬೇಡ. ಮುಳ್ಳನ್ನು ಸೊನ್ನೆಗೆ ತಂದು, ನಿಂತುಕೊಂಡು, ಪೂರ್ತಿ ಉಸಿರು ಎಳೆದು, ದೀಪ ಆರಿಸುವ ಹಾಗೆ ಒಂದೇ ಸಲ ಜೋರಾಗಿ ಊದಬೇಕು. ಮೂರು ಸಲ ಊದಿ, ಬಂದದ್ದರಲ್ಲಿ ದೊಡ್ಡ ಸಂಖ್ಯೆ ಬರೆದಿಡಬೇಕು. ದಿನಕ್ಕೆ ನಾಲ್ಕು ಸಲ, ನಾಲ್ಕು ವಾರ, ವಾರದ ರಜೆಯ ದಿನವೂ. ಪಕ್ಕದಲ್ಲಿ ಅವತ್ತು ಯಾವ ಶಿಫ್ಟ್, ಲೋಡ್ ಬಂತಾ, ಎಷ್ಟು ಬೀಡಿ ಅಂತ ಒಂದು ಮಾತು. ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. ರಜೆಯ ದಿನ 480 ಬರುವವರಿಗೆ ಕೆಲಸದ ದಿನ ಸಂಜೆ 380ಕ್ಕೆ ಇಳಿಯುತ್ತಿದ್ದರೆ, ಅದು ವಾರ ವಾರವೂ ಹಾಗೇ ಕಾಣುತ್ತಿದ್ದರೆ, ಆ ಹಾಳೆಯ ಮುಂದೆ ಯಾವ ಡಾಕ್ಟರೂ, ಯಾವ ಮ್ಯಾನೇಜರೂ ಇಲ್ಲ ಅನ್ನಲಾರರು.

ಉಬ್ಬಸ ಅಂತ ಆದರೆ ಇನ್‌ಹೇಲರ್ ಬರೆಯುತ್ತಾರೆ. ‘ಒಂದು ಸಲ ಹಿಡಿದರೆ ಬಿಡೋಕಾಗಲ್ಲ’ ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಅದು ಚಟ ಹತ್ತಿಸುವ ಔಷಧವಲ್ಲ. ಮಾತ್ರೆ ಇಡೀ ಮೈಗೆ ಹೋಗುತ್ತದೆ, ಇನ್‌ಹೇಲರ್ ಅದರ ಒಂದು ಚಿಕ್ಕ ಪಾಲನ್ನು ಕೊಳವೆಗೇ ಮುಟ್ಟಿಸುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಒಂದು ಎಚ್ಚರ ಮಾತ್ರ ಇರಲಿ: ಇನ್‌ಹೇಲರ್ ಕೆಮ್ಮನ್ನು ನಿಲ್ಲಿಸುತ್ತದೆ, ಘಾಟನ್ನು ನಿಲ್ಲಿಸುವುದಿಲ್ಲ.

ಈಗ ಎರಡನೆಯ ಚಿಂತೆ. ನಿಮ್ಮ ಪಕ್ಕದ ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಜಾಗ ತಪ್ಪಾಗಿದೆ. ಬಂಕ್‌ನಲ್ಲಿ ಉಸಿರಾಡುವ ಮಟ್ಟದ ಪೆಟ್ರೋಲ್ ಆವಿ ಶ್ವಾಸಕೋಶವನ್ನು ‘ತಿನ್ನುವುದಿಲ್ಲ’. ಶ್ವಾಸಕೋಶ ಅದಕ್ಕೆ ಬಾಗಿಲು. ಬಾಗಿಲಲ್ಲಿ ಒಳಗೆ ಬಂದದ್ದು ರಕ್ತಕ್ಕೆ ಸೇರಿ ಬೇರೆ ಕಡೆ ಹೋಗುತ್ತದೆ.

ಪೆಟ್ರೋಲ್ ಒಂದೇ ವಸ್ತು ಅಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಟಾಲ್ವೀನ್, ಜೈಲೀನ್ ಇವೆ. ತಲೆನೋವು, ತಲೆಸುತ್ತಿಗೆ ಇಂಥವು ಕಾರಣ. ಆದರೆ ನಾವು ನಿಜವಾಗಿ ಹೆದರುವುದು ಬೆಂಜೀನ್‌ಗೆ. ಉಸಿರಿನಲ್ಲಿ ಹೋದ ಬೆಂಜೀನ್‌ನಲ್ಲಿ ಸುಮಾರು ಅರ್ಧ ರಕ್ತಕ್ಕೆ ಸೇರುತ್ತದೆ. ಲಿವರ್ ಅದನ್ನು ಹೊರಹಾಕಲು ಒಡೆಯುತ್ತದೆ. ಒಡೆದು ಬಂದ ವಸ್ತುಗಳೇ ಮೂಳೆಯೊಳಗಿನ ಮಜ್ಜೆಗೆ, ಅಂದರೆ ರಕ್ತ ಹುಟ್ಟುವ ಜಾಗಕ್ಕೆ, ಹಾನಿ ಮಾಡುತ್ತವೆ. ವರ್ಷಗಟ್ಟಲೆ ಜಾಸ್ತಿ ಪ್ರಮಾಣದಲ್ಲಿ ಹೋದರೆ ರಕ್ತಕಣಗಳು ಕಡಿಮೆಯಾಗಬಹುದು, ಕೆಲವರಿಗೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಬರಬಹುದು. ಇದರಲ್ಲಿ ಕೆಮ್ಮು ಇರುವುದಿಲ್ಲ. ಅದಕ್ಕೇ ಹೇಳಿದ್ದು, ಎರಡು ಬೇರೆ ಬೇರೆ ಅಂತ.

ಬೆಂಜೀನ್ ಕ್ಯಾನ್ಸರ್ ತರುತ್ತದೆ ಅನ್ನುವುದು ದಶಕಗಳ ಹಿಂದೆಯೇ ಖಚಿತವಾದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು, 2025ರಲ್ಲಿ ಪೆಟ್ರೋಲನ್ನೇ ಮೊದಲನೇ ಗುಂಪಿಗೆ ಸೇರಿಸಿತು. ಪೆಟ್ರೋಲ್ ವಿಷಯದಲ್ಲಿ ಅವರು ಹೇಳಿದ್ದು ಮೂತ್ರಕೋಶದ ಕ್ಯಾನ್ಸರ್ ಮತ್ತು ರಕ್ತದ ಕ್ಯಾನ್ಸರ್. ಇದನ್ನು ಮೊಬೈಲ್‌ನಲ್ಲಿ ಓದಿ ಗಾಬರಿಯಾಗಬೇಡಿ. ಮೊದಲನೇ ಗುಂಪು ಅಂದರೆ ‘ಸಾಕ್ಷಿ ಗಟ್ಟಿಯಾಗಿದೆ’ ಅಂತ ಅರ್ಥ, ‘ಮುಟ್ಟಿದವರಿಗೆಲ್ಲ ಬರುತ್ತದೆ’ ಅಂತ ಅಲ್ಲ. ಅದೇ ಗುಂಪಿನಲ್ಲಿ ತಂಬಾಕು ಇದೆ, ಮದ್ಯ ಇದೆ, ನಿಮ್ಮ ಚನ್ನಗಿರಿ ಕಡೆಯ ಅಡಿಕೆಯೂ ಇದೆ. ಎಷ್ಟು ಪ್ರಮಾಣ, ಎಷ್ಟು ವರ್ಷ ಅನ್ನುವುದರ ಮೇಲೆ ಅಪಾಯ ನಿಂತಿದೆ. ಬಂಕ್‌ನಲ್ಲಿ ಕೆಲಸ ಮಾಡುವ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ. ಹಾಗಂತ ಅಪಾಯ ಸೊನ್ನೆಯೂ ಅಲ್ಲ. ಅಮೆರಿಕದಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಬೆಂಜೀನ್‌ಗೆ ಕಾನೂನು ಹಾಕಿರುವ ಮಿತಿ 8 ಗಂಟೆಯ ಸರಾಸರಿ 1 ಪಿಪಿಎಂ. ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಅಷ್ಟು ಬಿಗಿಯಾಗಿ ಹಿಡಿಯುವ ವಸ್ತು ಇದು.

ಬೀಡಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ತಂಬಾಕಿನ ಹೊಗೆಯಲ್ಲೂ ಬೆಂಜೀನ್ ಇದೆ. ಬಂಕ್‌ನಲ್ಲಿ ಒಂದು ಪಾಲು, ಬಂಕ್‌ನಿಂದ ದೂರ ಹೋಗಿ ಸೇದುವ ಬೀಡಿಯಲ್ಲಿ ಇನ್ನೊಂದು ಪಾಲು. ಮಾಲೀಕರನ್ನು ಕೇಳದೆ, ಸಂಬಳ ಕಳೆದುಕೊಳ್ಳದೆ, ನಾಳೆಯೇ ಕಡಿಮೆ ಮಾಡಬಹುದಾದ ಪಾಲು ಇದೊಂದೇ. ಕೆಮ್ಮಿಗೂ ಇದರಿಂದ ಲಾಭ.

‘ಈಗ ಬಿಎಸ್-6 ಪೆಟ್ರೋಲ್, ಏನೂ ತೊಂದರೆ ಇಲ್ಲ’ ಅನ್ನುವವರೂ ಇದ್ದಾರೆ. ಬಿಎಸ್ ಅಂದರೆ ವಾಹನದ ಹೊಗೆಗೆ, ಇಂಧನಕ್ಕೆ ಸರ್ಕಾರ ಹಾಕಿದ ಮಾನದಂಡ. 2000ದಲ್ಲಿ ನಮ್ಮ ಪೆಟ್ರೋಲ್‌ನಿಂದ ಸೀಸ ಹೋಯಿತು, ಅದು ನಿಜಕ್ಕೂ ದೊಡ್ಡ ಒಳ್ಳೆಯ ಕೆಲಸ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಇಂಧನದಲ್ಲಿ ಗಂಧಕ 10 ಪಿಪಿಎಂಗೆ ಇಳಿಯಿತು, ಹೊಗೆ ಶುದ್ಧವಾಯಿತು. ಆದರೆ ಬೆಂಜೀನ್‌ನ ಮಿತಿ ಬಿಎಸ್-4ರಲ್ಲಿ ಇದ್ದದ್ದೇ, 1% ತನಕ. ನಾಜಲ್ ಹಿಡಿದವರ ಮೂಗಿಗೆ ಬಿಎಸ್-6ರಿಂದ ಅಂಥ ವ್ಯತ್ಯಾಸ ಆಗಿಲ್ಲ.

ಮ್ಯಾನೇಜರ್ ಹೇಳುವ ‘ಅಭ್ಯಾಸ ಆಗುತ್ತೆ’ ಬಗ್ಗೆ. ಅಭ್ಯಾಸ ಆಗುವುದು ಮೂಗಿಗೆ ಮಾತ್ರ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನ ತಲೆ ಸುತ್ತುತ್ತದೆ, ವಾರ ಕಳೆದರೆ ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಹೋಯಿತು ಅಂದರೆ ಆವಿ ಹೋಯಿತು ಅಂತಲ್ಲ. ಮನೆಗೆ ಬಂದಾಗ ನಿಮಗೆ ಬರುವ ವಾಸನೆ ಅವರಿಗೆ ಬರುವುದಿಲ್ಲ, ಗಮನಿಸಿದ್ದೀರಾ?

ಇನ್ನು ಆವಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸ್ವಲ್ಪ ನಿಂತು ನೋಡೋಣ. ಕಡಿಮೆ ಮಾಡುವ ದಾರಿ ಅಲ್ಲೇ ಇದೆ. ಖಾಲಿ ಟ್ಯಾಂಕ್ ಖಾಲಿ ಅಲ್ಲ, ಅದರ ತುಂಬ ಪೆಟ್ರೋಲ್ ಆವಿ ತುಂಬಿದ ಗಾಳಿ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಒಳಗೆ ಇಳಿದರೆ ಒಂದು ಲೀಟರ್ ಆವಿಗಾಳಿ ಹೊರಗೆ ಬರಲೇಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಬೈಕ್‌ನ ಟ್ಯಾಂಕ್ ಬಾಯಿ ನೋಡಿ, ನೀರಿನಂತೆ ಏನೋ ಕದಡಿ ಮೇಲೇಳುವುದು ಕಾಣುತ್ತದೆ. ಅದೇ ಆವಿ. ಕಾರಿಗೆ ನಾಜಲ್ ಸಿಕ್ಕಿಸಿ ದೂರ ನಿಲ್ಲಬಹುದು. ಬೈಕ್‌ಗೆ ಹಾಗಲ್ಲ. ಎಲ್ಲಿವರೆಗೆ ತುಂಬಿತು ಅಂತ ಹುಡುಗ ಟ್ಯಾಂಕ್ ಬಾಯಿಯ ಮೇಲೆ ಬಗ್ಗುತ್ತಾನೆ. ಆ ಕ್ಷಣದಲ್ಲಿ ಅವನ ಮೂಗು ಮತ್ತು ಟ್ಯಾಂಕ್ ಬಾಯಿಯ ನಡುವೆ ಒಂದು ಗೇಣೂ ಇರುವುದಿಲ್ಲ. ಗಿರಾಕಿ ‘ಇನ್ನೂ ಸ್ವಲ್ಪ ಹಿಡಿಸುತ್ತೆ ಹಾಕು’ ಅಂದಾಗ ತೊಟ್ಟು ತೊಟ್ಟಾಗಿ ತುಂಬಿಸುವುದು, ಚೆಲ್ಲುವುದು, ಬಟ್ಟೆಯಲ್ಲಿ ಒರೆಸುವುದು. ಒಂದು ಶಿಫ್ಟ್‌ನಲ್ಲಿ 1,500 ಲೀಟರ್ ಹಾಕಿದರೆ 1,500 ಲೀಟರ್ ಆವಿಗಾಳಿ ಅವರ ಆಸುಪಾಸಿನಲ್ಲೇ ಹೊರಬಂದ ಲೆಕ್ಕ.

ಲೋಡ್ ಬಂದಾಗ ಇದೇ ಲೆಕ್ಕ ದೊಡ್ಡದಾಗುತ್ತದೆ. 12,000 ಲೀಟರ್ ನೆಲದಡಿಯ ಟ್ಯಾಂಕ್‌ಗೆ ಇಳಿದರೆ ಅಷ್ಟೇ ಆವಿಗಾಳಿ ಮೇಲೆ ಬರುತ್ತದೆ. ಅದು ಎತ್ತರದ ವೆಂಟ್ ಪೈಪ್‌ನಿಂದ ಹೋಗಬೇಕು, ಅಥವಾ ವೇಪರ್ ರಿಕವರಿ ಪೈಪ್ ಹಾಕಿದ್ದರೆ ವಾಪಸ್ ಲಾರಿಯ ಟ್ಯಾಂಕ್‌ಗೇ ಹೋಗಬೇಕು. ಪೈಪ್ ಜೋಡಣೆ ಸಡಿಲ ಇದ್ದರೆ, ಡಿಪ್ ನೋಡುವ, ಅಂದರೆ ಟ್ಯಾಂಕ್‌ನಲ್ಲಿ ಎಷ್ಟಿದೆ ಅಂತ ಕೋಲು ಇಳಿಸಿ ಅಳೆಯುವ, ಮುಚ್ಚಳ ತೆರೆದೇ ಇದ್ದರೆ, ಪಕ್ಕದಲ್ಲಿ ನಿಂತವರ ಕಾಲ ಬುಡದಿಂದಲೇ ಏಳುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿಹೋಗುವುದಿಲ್ಲ, ತಗ್ಗಿನಲ್ಲಿ ಕೂರುತ್ತದೆ. ಡಿಪ್ ರಾಡ್ ಇಳಿಸಲು ಕುಕ್ಕುರುಗಾಲಲ್ಲಿ ಕೂತವರು ಆವಿಯ ಒಳಗೇ ಕೂತಂತೆ. ಲೋಡ್ ದಿನ ನಿಮ್ಮ ಯಜಮಾನರಿಗೆ ತಲೆನೋವು ಯಾಕೆ ಅನ್ನುವುದು ಈಗ ಗೊತ್ತಾಯಿತಲ್ಲ.

ಅತ್ತೆಯವರ ಬೆಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಜೋರಾಗಿದ್ದ ಕಾಲವನ್ನು ಕಂಡ ಹಿರಿಯರಿಗೆ ಬೆಲ್ಲದ ಮೇಲೆ ದೊಡ್ಡ ನಂಬಿಕೆ. ಧೂಳಿನಲ್ಲಿ ದುಡಿದು ಬಂದವರು ಬೆಲ್ಲ ತಿಂದರೆ ಎದೆ ಹಗುರ ಅಂತ. ಧೂಳಿನ ಬಗ್ಗೆ ಲಖನೌದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ 1994ರಲ್ಲಿ ಪ್ರಕಟಿಸಿದ್ದೂ ಇದೆ, ಬೆಲ್ಲ ಕೊಟ್ಟ ಇಲಿಗಳ ಶ್ವಾಸಕೋಶದಿಂದ ಧೂಳಿನ ಕಣ ಬೇಗ ಹೊರಹೋಯಿತು ಅಂತ. ಅದು ಇಲಿ, ಅದು ಧೂಳು. ಆವಿ ಧೂಳಿನ ಹಾಗೆ ಎದೆಯಲ್ಲಿ ಕೂರುವುದೇ ಇಲ್ಲ, ಕೆಲವೇ ಕ್ಷಣದಲ್ಲಿ ರಕ್ತಕ್ಕೆ ಇಳಿದಿರುತ್ತದೆ. ತೊಳೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಅತ್ತೆ ಪ್ರೀತಿಯಿಂದ ಕೊಡುವ ಬೆಲ್ಲವನ್ನು ಬೇಡ ಅನ್ನಬೇಕಿಲ್ಲ, ಸಕ್ಕರೆ ಕಾಯಿಲೆ ಇಲ್ಲದಿದ್ದರೆ ತಿನ್ನಲಿ. ಔಷಧ ಅಂತ ನಂಬಬೇಡಿ. ಹಾಲು, ಬಾಳೆಹಣ್ಣಿಗೂ ಇದೇ ಮಾತು.

ಮಾಸ್ಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕರ್ಚೀಫು, ಬಟ್ಟೆ ಮಾಸ್ಕ್ ಆವಿಗೆ ಲೆಕ್ಕಕ್ಕಿಲ್ಲ. ಎನ್-95 ಮಾಸ್ಕ್ ಲಾರಿ ಹೊಗೆಯ ಕಣಗಳನ್ನು ಚೆನ್ನಾಗಿ ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಆವಿಗೆ ಬೇಕಾದ್ದು ಇದ್ದಿಲಿನ ಡಬ್ಬಿ ಇರುವ ರಬ್ಬರ್ ಮಾಸ್ಕ್, ಪೇಂಟ್ ಸ್ಪ್ರೇ ಮಾಡುವವರು ಹಾಕುವಂಥದ್ದು. ಅದನ್ನು 8 ಗಂಟೆ ಬಿಸಿಲಿನಲ್ಲಿ ಹಾಕಿಕೊಂಡು ಗಿರಾಕಿಗಳ ಜೊತೆ ಮಾತಾಡುವುದು ಆಗದ ಮಾತು. ಲೋಡ್ ಇಳಿಸುವ, ಡಿಪ್ ನೋಡುವ ಹೊತ್ತಿಗೆ ಮಾತ್ರ ಹಾಕಿದರೂ ದೊಡ್ಡ ಪಾಲು ತಪ್ಪುತ್ತದೆ. ಗಡ್ಡ ಇದ್ದರೆ ಸಂದಿಯಲ್ಲಿ ಆವಿ ನುಗ್ಗುತ್ತದೆ. ಡಬ್ಬಿಯನ್ನು ತೆರೆದಿಟ್ಟರೆ ತಾನಾಗಿಯೇ ತುಂಬಿ ಕೆಲಸ ಬಿಡುತ್ತದೆ, ಗಾಳಿಯಾಡದ ಕವರ್‌ನಲ್ಲಿ ಕಟ್ಟಿಡಬೇಕು.

ಇಷ್ಟೆಲ್ಲದರ ನಡುವೆ ಒಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಡೀಸೆಲ್ ಗಾಡಿಗೆ ತಪ್ಪಿ ಪೆಟ್ರೋಲ್ ಹಾಕಿದಾಗ, ಅಥವಾ ಬೈಕ್‌ನಿಂದ ಬಾಟಲಿಗೆ ತೆಗೆಯುವಾಗ, ಅವರು ಯಾವತ್ತಾದರೂ ಪೈಪ್ ಹಾಕಿ ಬಾಯಿಂದ ಎಳೆದಿದ್ದಾರಾ? ಕೇಳಿ ನೋಡಿ. ಶ್ವಾಸಕೋಶಕ್ಕೆ ನೇರವಾಗಿ, ಒಂದೇ ದಿನದಲ್ಲಿ ಹೊಡೆತ ಕೊಡುವುದು ಆವಿಯಲ್ಲ, ಇದು. ಒಬ್ಬ ಗ್ಯಾರೇಜ್ ಹುಡುಗ ಬಂದಿದ್ದ, ಇಪ್ಪತ್ತೆರಡರ ಪ್ರಾಯ. ಬಾಯಿಗೆ ಬಂದದ್ದು ಒಂದು ಗುಟುಕು. ಕೆಮ್ಮಿದ, ಉಗಿದ, ನೀರು ಕುಡಿದು ಕೆಲಸಕ್ಕೆ ನಿಂತ. ಅಕ್ಕಪಕ್ಕದವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ರಾತ್ರಿ ಜ್ವರ, ಎದೆನೋವು. ಬೆಳಿಗ್ಗೆ ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಭಾಗ ಪೂರ್ತಿ ಬಿಳಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ನೀರಿಗಿಂತ ಸಲೀಸಾಗಿ ಹರಡುವಂಥವು. ಒಂದು ಚಮಚ ಶ್ವಾಸಕೋಶದ ಕಡೆ ಜಾರಿದರೂ ಒಳಗೋಡೆಯ ಮೇಲೆ ಪೂರ್ತಿ ಹರಡಿ ಸುಡುತ್ತವೆ. ವಾಂತಿ ಮಾಡಿಸಿದರೆ ಮತ್ತೊಂದು ಸಲ ಜಾರುತ್ತದೆ. ಆ ಹುಡುಗ ಉಳಿದ, ಆದರೆ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಇಂಥದ್ದು ಆದರೆ ವಾಂತಿ ಬೇಡ, ಉಪ್ಪುನೀರು ಬೇಡ, ಹಾಲೂ ಬೇಡ. ನೇರ ಆಸ್ಪತ್ರೆ. ಆಗ ಏನೂ ಅನ್ನಿಸದಿದ್ದರೂ ಕೆಲವು ಗಂಟೆ ಅಲ್ಲೇ ಇರಬೇಕು, ತೊಂದರೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಎಳೆಯಲು ಕೈಪಂಪ್ ಸಿಗುತ್ತದೆ, ಅದನ್ನೇ ಬಳಸಬೇಕು. ಮನೆಯಲ್ಲಿ ಸಣ್ಣ ಮಗು ಇದೆ, ಪೆಟ್ರೋಲ್ ಅನ್ನು ನೀರಿನ ಬಾಟಲಿಯಲ್ಲಿ ತಂದಿಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಕೆಲಸದ ವಿಷಯಕ್ಕೆ ಬರುತ್ತೇನೆ. ನಾಳೆಯೇ ಬಿಡಿಸಿ ಅಂತ ನಾನು ಹೇಳುವುದಿಲ್ಲ. ಕೆಮ್ಮಿನ ಕಾರಣ ಗೊತ್ತಾಗುವ ಮುಂಚೆ ಬಿಟ್ಟರೆ ಸಂಬಳವೂ ಹೋಯಿತು, ಕಾರಣವೂ ಸಿಗಲಿಲ್ಲ ಅನ್ನುವ ಸ್ಥಿತಿ. ಬಿಟ್ಟು ಹೋಗುವುದು ಎಲ್ಲಿಗೆ ಅನ್ನುವುದೂ ಮುಖ್ಯ. ಬಂಕ್ ಬಿಟ್ಟು ಕಲ್ಲು ಕ್ರಷರ್‌ಗೆ ಸೇರಿದವರನ್ನು ನೋಡಿದ್ದೇನೆ, ಆ ಧೂಳು ಶ್ವಾಸಕೋಶಕ್ಕೆ ಪೆಟ್ರೋಲ್ ಆವಿಗಿಂತ ಎಷ್ಟೋ ಕೆಟ್ಟದ್ದು. ಸ್ಪ್ರೇ ಪೇಂಟಿಂಗ್, ಮಂಡಕ್ಕಿ ಭಟ್ಟಿಯ ಹೊಗೆ, ಇವೂ ಉಬ್ಬಸದವರಿಗೆ ಆಗಿಬರುವುದಿಲ್ಲ.

ಅಲ್ಲೇ ಇದ್ದು ಬದಲಾಯಿಸಿಕೊಳ್ಳುವುದು ಮೊದಲ ದಾರಿ. ಲೋಡ್ ಇಳಿಸುವ ಕೆಲಸದಿಂದ ಅವರನ್ನು ಬಿಡಿಸಿದರೆ, ಅಥವಾ ಎಲ್ಲರೂ ಸರದಿಯಲ್ಲಿ ಮಾಡಿದರೆ, ಅರ್ಧ ಸಮಸ್ಯೆ ಅಲ್ಲೇ ತಗ್ಗುತ್ತದೆ. ನಾಜಲ್ ತಾನಾಗಿ ಕಟ್ ಆದ ಮೇಲೆ ಮತ್ತೆ ತುಂಬಿಸಬಾರದು. ಬೈಕ್‌ಗೆ ಹಾಕುವಾಗ ಬಗ್ಗದೆ, ಪಕ್ಕಕ್ಕೆ ನಿಂತು, ಗಾಳಿ ತಮ್ಮ ಕಡೆಯಿಂದ ಟ್ಯಾಂಕ್ ಕಡೆಗೆ ಹೋಗುವಂತೆ ನೋಡಿಕೊಳ್ಳಬೇಕು. ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿ ಅಂತ ಗಿರಾಕಿಗೆ ಹೇಳಬೇಕು. ಗ್ರೀಸ್ ಹೋಗಲಿ ಅಂತ ಪೆಟ್ರೋಲ್‌ನಲ್ಲಿ ಕೈ ತೊಳೆಯಲೇಬಾರದು, ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ. ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆದು, ಪಂಪ್‌ನಿಂದ ದೂರ ಕೂತು ತಿನ್ನಬೇಕು. ಈ ದಾರಿಯ ತೊಂದರೆ ಏನೆಂದರೆ, ಮಾಲೀಕರ ಮನಸ್ಸಿನ ಮೇಲೆ ನಿಂತಿದೆ. ದೊಡ್ಡ ವ್ಯಾಪಾರದ ಬಂಕ್‌ಗಳಿಗೆ ಆವಿಯನ್ನು ವಾಪಸ್ ಎಳೆದುಕೊಳ್ಳುವ ವ್ಯವಸ್ಥೆ ಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಿಮ್ಮವರ ಬಂಕ್‌ನಲ್ಲಿ ಅದು ಇದೆಯಾ, ಇದ್ದರೆ ಚಾಲೂ ಇದೆಯಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಡೀಸೆಲ್ ಪಂಪ್‌ಗೆ ಹಾಕಿಸಿಕೊಂಡರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಡೀಸೆಲ್ ಬೇಗ ಆವಿಯಾಗುವುದಿಲ್ಲ, ಬೆಂಜೀನ್ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಅಲ್ಲಿ ಲಾರಿ ಹೊಗೆ ಜಾಸ್ತಿ. ಉಬ್ಬಸ ಇರುವ ಮನುಷ್ಯನಿಗೆ ಅದು ಕೆಮ್ಮನ್ನು ಕೆರಳಿಸುತ್ತದೆ. ನಿಮ್ಮವರಿಗೆ ನಾನಂತೂ ಬೇಡ ಅನ್ನುತ್ತೇನೆ. ಬಿಲ್ಲಿಂಗ್, ಕ್ಯಾಶ್, ಆಯಿಲ್ ಕೌಂಟರ್ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯದು, ಸಂಬಳ ಉಳಿಯುತ್ತದೆ, ಆವಿ ತಗ್ಗುತ್ತದೆ. 9 ವರ್ಷದ ಅನುಭವ ಇರುವವರು ಕೇಳಬಹುದಾದ ಜಾಗ ಅದು. ಇದೆಲ್ಲ ಮಾಡಿ, ಔಷಧ ಸರಿಯಾಗಿ ತೆಗೆದುಕೊಂಡು, ಮೂರು ತಿಂಗಳಾದರೂ ಪೀಕ್ ಫ್ಲೋ ಹಾಳೆಯಲ್ಲಿ ಕೆಲಸದ ದಿನಗಳು ಕೆಳಗೇ ಇದ್ದರೆ, ಅಥವಾ ರಕ್ತದ ರಿಪೋರ್ಟ್‌ನಲ್ಲಿ ಏರುಪೇರು ಕಂಡರೆ, ಆಗ ಬಿಡಲೇಬೇಕು. ಆಗ ತಡಮಾಡಬೇಡಿ.

ರಕ್ತದ ರಿಪೋರ್ಟ್ ಅಂದರೆ ಸಿಬಿಸಿ, ಸಾಮಾನ್ಯ ರಕ್ತಕಣಗಳ ಎಣಿಕೆ. ವರ್ಷಕ್ಕೊಂದು ಸಲ ಮಾಡಿಸಿ, ಹಳೆಯದನ್ನು ಎಸೆಯದೆ ಒಂದು ಫೈಲಿನಲ್ಲಿ ಇಡಿ. ಒಂದು ವರ್ಷದ ಸಂಖ್ಯೆಗಿಂತ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯಾ ಅನ್ನುವುದು ಮುಖ್ಯ. ಕಾರಣವಿಲ್ಲದ ಸುಸ್ತು, ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಪದೇ ಪದೇ ಜ್ವರ ಬಂದರೆ ವರ್ಷ ಕಾಯಬೇಡಿ. ಮೂತ್ರದಲ್ಲಿ ರಕ್ತ ಕಂಡರೂ ಅಷ್ಟೇ, ನೋವಿಲ್ಲ ಅಂತ ಬಿಡಬೇಡಿ.

ದುಡ್ಡಿನ ಚಿಂತೆ ನನಗೆ ಅರ್ಥವಾಗುತ್ತದೆ. ಅವರ ಸಂಬಳದ ಚೀಟಿ ತರಿಸಿ ನೋಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಬರಬೇಕು. 14,500ಕ್ಕೆ ಅವರ ಪಾಲು 0.75%, ಅಂದರೆ ತಿಂಗಳಿಗೆ 109 ರೂಪಾಯಿ ಕಡಿತ ಕಾಣಬೇಕು. ಮಾಲೀಕರು ಅದರ ಮೇಲೆ 3.25% ಕಟ್ಟಬೇಕು. ಕಡಿತ ಇದ್ದರೆ ಅವರಿಗೆ, ನಿಮಗೆ, ಮಗಳಿಗೆ ಚಿಕಿತ್ಸೆ ಇಎಸ್‌ಐ ಆಸ್ಪತ್ರೆಯಲ್ಲಿ ಸಿಗುತ್ತದೆ, ಸ್ಪೈರೋಮೆಟ್ರಿ ಅಲ್ಲಿಲ್ಲದಿದ್ದರೆ ಬೇರೆ ಕಡೆಗೆ ಬರೆದುಕೊಡುತ್ತಾರೆ. ಕೆಲಸದಿಂದ ಬರುವ ಉಬ್ಬಸ, ಬೆಂಜೀನ್‌ನಿಂದ ಬರುವ ಕಾಯಿಲೆ ಎರಡೂ ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಇವೆ. ಆ ಪೀಕ್ ಫ್ಲೋ ಹಾಳೆಯನ್ನು ಜೋಪಾನ ಮಾಡಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ.

ಮಗಳು ತಬ್ಬಿಕೊಳ್ಳುವ ವಿಷಯದಲ್ಲಿ ಅಷ್ಟು ಹೆದರಬೇಡಿ. ಬಟ್ಟೆಯಲ್ಲಿ ಉಳಿದು ಬರುವುದು ಸ್ವಲ್ಪ, ತೆರೆದ ಗಾಳಿಗೆ ಬೇಗ ಹಾರಿಹೋಗುತ್ತದೆ. ಬಂಕ್‌ನಲ್ಲೇ ಬಟ್ಟೆ ಬದಲಿಸಿ ಬರಲಿ. ಯೂನಿಫಾರ್ಮ್ ಮನೆ ಹೊರಗೆ ನೇತುಹಾಕಿ, ಬೇರೆಯಾಗಿ ಒಗೆಯಿರಿ. ಕೈ ಮುಖ ತೊಳೆದ ಮೇಲೆ ಮಗಳನ್ನು ಎತ್ತಿಕೊಳ್ಳಲಿ. ಬಟ್ಟೆ ಮೇಲೆ ಪೆಟ್ರೋಲ್ ಚೆಲ್ಲಿದ ದಿನ ಮಾತ್ರ ಹಾಗೇ ಅಡುಗೆಮನೆ ಕಡೆ ಬರಲೇಬಾರದು, ಅಲ್ಲಿ ಕಾಯಿಲೆಗಿಂತ ದೊಡ್ಡ ಅಪಾಯ ಒಲೆ.

ತಂಗಿ ಸೇರಬಹುದು, ಹುಷಾರಾಗಿ ಇದ್ದುಕೊಂಡು. ಅವರಿಗೆ ಮೊದಲೇ ಉಬ್ಬಸ ಇದ್ದರೆ ಬೇಡ. ಗರ್ಭಿಣಿಯಾದರೆ, ಅಥವಾ ಆಗುವ ಯೋಚನೆ ಇದ್ದರೆ, ಆಗಿನಿಂದಲೇ ನಾಜಲ್ ಮತ್ತು ಲೋಡ್ ಕೆಲಸದಿಂದ ದೂರ ಇರಬೇಕು. ಬೆಂಜೀನ್ ತಾಯಿಯ ರಕ್ತದಿಂದ ಮಗುವಿಗೂ ದಾಟುತ್ತದೆ. ಸೇರುವ ಮುಂಚೆಯೇ ಒಂದು ಸಿಬಿಸಿ ಮಾಡಿಸಿಡಲಿ, ಮುಂದೆ ಹೋಲಿಸಿ ನೋಡಲು ಆಗುತ್ತದೆ.

ಈ ವಾರ ಕಫದ ಪರೀಕ್ಷೆ, ಎಕ್ಸ್‌ರೇ, ಸಿಬಿಸಿ ಮಾಡಿಸಿ. ಪೀಕ್ ಫ್ಲೋ ಮೀಟರ್ ತಂದುಕೊಂಡು ಬರೆಯಲು ಶುರು ಮಾಡಿ. ಆಸ್ಪತ್ರೆಗೆ ಅವರ ಜೊತೆ ನೀವೂ ಹೋಗಿ, ಗಂಡಸರು ಡಾಕ್ಟರ ಮುಂದೆ ‘ಸ್ವಲ್ಪ ಕೆಮ್ಮು ಅಷ್ಟೇ’ ಅಂದು ಎದ್ದುಬಿಡುತ್ತಾರೆ. ಕೂತ ಕೂಡಲೇ, ಸಿರಪ್‌ನ ಹೆಸರಿಗಿಂತ ಮೊದಲು, ಜಾತ್ರೆಯ ಆ 5 ದಿನ ಕೆಮ್ಮು ಇರಲಿಲ್ಲ ಅನ್ನುವುದನ್ನು ಹೇಳಿ.